ನಾಲೆ ಬಂದ ಮೇಲಿನ ಮಂಡ್ಯ

ನಾನು ಮಂಡ್ಯ ಕಡೆಯವನು, ಚೆನ್ನೈಗೆ ಬಂದು ಹದಿನಾಲ್ಕು ವರ್ಷ ಆಯ್ತು. ಇಲ್ಲಿ ಊರಿನ ಹೆಸರು ಹೇಳಿದ ತಕ್ಷಣ ಮಾತು ಕಾವೇರಿಗೇ ಬರುತ್ತೆ. ನಮ್ಮ ಮೇಲಿನ ಮನೆಯಲ್ಲಿ ತಂಜಾವೂರಿನ ಹಿರಿಯರೊಬ್ಬರಿದ್ದಾರೆ. ಒಂದು ದಿನ ಅವರು, "ನಾವು ತಲೆತಲಾಂತರದಿಂದ ಕಾವೇರಿ ನೀರಲ್ಲಿ ಭತ್ತ ಬೆಳೀತಿದ್ದೀವಿ, ನೀವು ಯಾವಾಗಿಂದ?" ಅಂತ ಕೇಳಿದರು. "ನಮ್ಮದೂ ಹಳೇದೇ ಸಾರ್" ಅಂದುಬಿಟ್ಟೆ. ಆಮೇಲೆ ಓದಿ ನೋಡಿದರೆ ಅದು ಅರ್ಧ ಸತ್ಯ. ಇವತ್ತು ಪೂರ್ತಿ ಉತ್ತರ ಹೇಳ್ತೀನಿ.

ಮೊದಲು ಮಳೆ ವಿಷಯ ನೋಡೋಣ. ಜೂನ್, ಜುಲೈನಲ್ಲಿ ಕೊಡಗಲ್ಲಿ ಜಡಿಮಳೆ ಹಿಡಿದಾಗ ಮಂಡ್ಯದಲ್ಲಿ ಬರೀ ಮೋಡ, ಗಾಳಿ, ತುಂತುರು. ನಮ್ಮಲ್ಲಿ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ವರ್ಷಕ್ಕೆ ಒಟ್ಟು 700 ಮಿಲಿಮೀಟರ್ ಆಸುಪಾಸು. ಇಷ್ಟು ಮಳೆಗೆ ರಾಗಿ, ಹುರುಳಿ, ಅವರೆ ಬೆಳೆಯಬಹುದು. ಭತ್ತ, ಕಬ್ಬು ಕಷ್ಟ.

ಹಾಗಾದ್ರೆ ನದಿ ಇರಲಿಲ್ವಾ? ಇತ್ತು. ಶ್ರೀರಂಗಪಟ್ಟಣದ ಕಡೆ ಚಿಕ್ಕದೇವರಾಜ ನಾಲೆಯಂಥ ಹಳೇ ನಾಲೆಗಳೂ ಇದ್ದವು, ನಾನು ಹೇಳಿದ ಅರ್ಧ ಸತ್ಯ ಅದು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಹುಪಾಲು ಹೊಲಗಳಿಗೆ ಮಳೆ ಮತ್ತು ಕೆರೆಯೇ ಗತಿ. ನದಿ ಕೆಳಗೆ ಹರೀತಿತ್ತು, ಹೊಲ ಮೇಲೆ ಒಣಗ್ತಿತ್ತು.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯ್ತು. ಆಗ ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರು. ಮದ್ರಾಸಿನ ಜೊತೆ ತಕರಾರು ಆವಾಗಲೇ ಇತ್ತು, ಒಪ್ಪಂದ ಆಗಿದ್ದು 1924ರಲ್ಲಿ. ಹಳೇ ಕನ್ನಂಬಾಡಿ ಊರು ನೀರಲ್ಲಿ ಮುಳುಗಿತು. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿ ನಾಲೆಯನ್ನ ಮಂಡ್ಯದ ಕಡೆ ತಿರುಗಿಸಿದರು. ಆಗ ಅದು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ನಮ್ಮ ಜನರ ಬಾಯಲ್ಲಿ ವಿ.ಸಿ. ನಾಲೆ.

ನೀರು ಬಂದ ಮೇಲೆ ಬೆಳೆಗೊಂದು ಮಾರುಕಟ್ಟೆ ಬೇಕಲ್ಲ? ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಸಕ್ಕರೆ ಕಾರ್ಖಾನೆಗೆ ಪಟ್ಟು ಹಿಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಬೆಂಗಳೂರು–ಮೈಸೂರು ರೈಲು ದಾರಿಯ ಆ ಸಣ್ಣ ಊರು 1939ರಲ್ಲಿ ಜಿಲ್ಲಾ ಕೇಂದ್ರವೂ ಆಯ್ತು.

ಜನಜೀವನವೇ ಬದಲಾಯ್ತು. ಆಲೆಮನೆಗಳು ಎದ್ದವು. ಯಾರ ಗದ್ದೆಗೆ ಯಾವಾಗ ನೀರು ಅನ್ನೋದರಲ್ಲಿ ನೀರುಗಂಟಿಯ ಮಾತಿಗೆ ತೂಕ ಬಂತು. ನಾಲೆಯ ಜೊತೆಗೆ ಮಲೇರಿಯಾವೂ ಬಂತು, ಅದನ್ನ ಮರೆಯೋ ಹಾಗಿಲ್ಲ. ತಟ್ಟೆಗೆ ಅನ್ನ ಬಂದರೂ ಮುದ್ದೆ ಹೋಗಲಿಲ್ಲ. ಸಂಕ್ರಾಂತಿ ಸಂಜೆ ದನಗಳಿಗೆ ಕಿಚ್ಚು ಹಾಯಿಸೋದೂ ನಿಲ್ಲಲಿಲ್ಲ. ನಮ್ಮಜ್ಜಿಯಂತೂ ಭತ್ತ ಬೆಳೆಯೋ ನಮ್ಮ ಗದ್ದೆಯನ್ನ ಕೊನೆವರೆಗೂ "ಹೊಲ" ಅಂತಲೇ ಕರೀತಿದ್ದರು.

ನನಗೆ ಮುಖ್ಯ ಅನಿಸೋದು ಆ ಮಾತು. ಒಣಗಿದ ಹೊಲ ನಮಗೆ ಪುರಾಣ ಅಲ್ಲ, ಅಜ್ಜಿ ಕಾಲದ ನೆನಪು. ಆದ್ದರಿಂದಲೇ ಕಟ್ಟೆಯಲ್ಲಿ ನೀರು ಇಳಿದರೆ ನಮ್ಮವರು ಹೆದ್ದಾರಿಗೆ ಬಂದು ಕೂರ್ತಾರೆ. ಹೊಟ್ಟೆಕಿಚ್ಚಿನಿಂದಲ್ಲ, ಮತ್ತೆ ಆ ಹೊಲದ ಕಾಲಕ್ಕೆ ಹೋಗಿಬಿಡ್ತೀವಾ ಅನ್ನೋ ಭಯದಿಂದ.

2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25 ಟಿಎಂಸಿ ಅಂತ ಹಂಚಿತು. ಅದು ಮಳೆ ಸರಿಯಾಗಿ ಬಂದ ವರ್ಷದ ಲೆಕ್ಕ. ಜಗಳ ಆಗೋದು ಮಳೆ ಕೈಕೊಟ್ಟ ವರ್ಷ.

2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ಬಸ್ಸುಗಳು ಉರಿದ ಸಂಜೆ ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ. ಆ ಹಿರಿಯರೇ ಕೆಳಗಿಳಿದು ಬಂದು, "ಊರಲ್ಲಿ ಎಲ್ಲ ಕ್ಷೇಮವಾ?" ಅಂತ ಕೇಳಿದರು. ಅವತ್ತು ಅವರಿಗೆ ಸರಿಯಾದ ಉತ್ತರ ಕೊಟ್ಟೆ: "ನೀವು ಹಳಬರು ಸಾರ್. ನಮ್ಮ ಬಹುಪಾಲು ಹೊಲಗಳು ನೀರು ಕಂಡು ನೂರು ವರ್ಷವೂ ಆಗಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಡಗಲ್ಲಿ ಮಳೆ ಹೇಗಿದೆಯಂತೆ?" ಅಂದರು. ಈಗ ಪ್ರತಿ ಜೂನ್‌ನಲ್ಲಿ ನಾವಿಬ್ಬರೂ ಮೊದಲು ಮಾತಾಡೋದು ಅದನ್ನೇ.