ತುಂಗಭದ್ರಾ ಪ್ರವಾಹ ನಿರ್ವಹಣೆಯಲ್ಲಿ ಭೌಗೋಳಿಕ ದತ್ತಾಂಶದ ಬಳಕೆ

ತುಂಗಭದ್ರಾ ಪ್ರವಾಹ ನಿರ್ವಹಣೆಯಲ್ಲಿ ಭೌಗೋಳಿಕ ದತ್ತಾಂಶದ ಬಳಕೆ ಎಂದರೆ, ತುಂಗಭದ್ರಾ ಜಲಾಶಯ ಹಾಗೂ ಅದರ ಕೆಳಗಿನ ನದೀಪಾತ್ರದಲ್ಲಿ ನೆರೆ, ಅಣೆಕಟ್ಟೆಯ ಅವಘಡ ಮುಂತಾದ ತುರ್ತು ಸಂದರ್ಭಗಳು ಒದಗಿದಾಗ ಉಪಗ್ರಹ ಚಿತ್ರ, ನೆಲದ ಎತ್ತರ, ಮಳೆಯ ಪ್ರಮಾಣ, ರಸ್ತೆ, ಊರು ಮತ್ತು ಜಮೀನಿನ ಮಾಹಿತಿಯನ್ನು ಒಂದೇ ಭೂಪಟದ ಮೇಲೆ ಜೋಡಿಸಿ ಮುನ್ನೆಚ್ಚರಿಕೆ, ರಕ್ಷಣೆ ಹಾಗೂ ಪರಿಹಾರ ಕಾರ್ಯಗಳಿಗೆ ಉಪಯೋಗಿಸುವ ಕ್ರಮ. ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಈ ನದೀಪಾತ್ರದ ಮುಖ್ಯ ಸ್ಥಳಗಳು. ನದಿಯಿಂದ ದೂರವಿರುವ ಸಂಡೂರಿನ ಬೆಟ್ಟಪ್ರದೇಶವೂ ಹಳ್ಳಗಳ ಮೂಲಕ ಇದೇ ಜಲಾನಯನಕ್ಕೆ ಸೇರುತ್ತದೆ.

ಜಲಾಶಯದಿಂದ ಹೊರಬಿಡುವ ನೀರಿನ ಪ್ರಮಾಣವನ್ನು ಕ್ಯೂಸೆಕ್‌ಗಳಲ್ಲಿ ಪ್ರಕಟಿಸಲಾಗುತ್ತದೆ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲಕ್ಷ ಲೀಟರ್ ನೀರು. ಆದರೆ ನದಿತೀರದ ನಿವಾಸಿಗೆ ಬೇಕಾಗುವುದು ಈ ಅಂಕಿಯಲ್ಲ. ನೀರು ತನ್ನ ಬೀದಿಗೆ ಬರುವುದೇ, ಬಂದರೆ ಎಷ್ಟು ಹೊತ್ತಿಗೆ, ಊರಿನಿಂದ ಹೊರಹೋಗಲು ಯಾವ ದಾರಿ ಉಳಿದಿರುತ್ತದೆ ಎಂಬುದು ಆತನಿಗೆ ತಿಳಿಯಬೇಕು. ಹರಿವಿನ ಪ್ರಮಾಣವನ್ನು ಸ್ಥಳದ ಭಾಷೆಗೆ ತರುವುದೇ ಭೂಪಟದ ಕೆಲಸ.

ಪ್ರದೇಶದ ಸ್ವರೂಪ

ತುಂಗಭದ್ರಾ ಅಣೆಕಟ್ಟೆಯ ನಿರ್ಮಾಣ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಇದರಲ್ಲಿ 33 ಕ್ರೆಸ್ಟ್ ಗೇಟುಗಳಿದ್ದು, ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯವು ಹೂಳಿನಿಂದಾಗಿ ಕುಗ್ಗಿದ್ದು, 2016ರ ಸಮೀಕ್ಷೆಯಂತೆ 105.788 ಟಿಎಂಸಿ ಅಡಿಗಳಾಗಿದೆ. ಜಲಾಶಯದ ತಳದ ಆಳವನ್ನು ಅಳೆದು ನಕ್ಷೆ ಮಾಡುವ ಇಂತಹ ಸಮೀಕ್ಷೆಗಳೂ ಪ್ರವಾಹ ನಿರ್ವಹಣೆಗೆ ಆಧಾರವೇ. ಸಾಮರ್ಥ್ಯ ಕಡಿಮೆಯಾದಷ್ಟೂ ಜಲಾಶಯ ಬೇಗ ತುಂಬುತ್ತದೆ, ಗೇಟುಗಳನ್ನು ಬೇಗ ತೆರೆಯಬೇಕಾಗುತ್ತದೆ.

ಅಣೆಕಟ್ಟೆಯನ್ನು ದಾಟಿದ ನದಿ ಹಂಪಿಯ ಹೆಬ್ಬಂಡೆಗಳ ನಡುವೆ ಕವಲೊಡೆದು ನಡುಗಡ್ಡೆಗಳನ್ನು ಸುತ್ತಿ, ಮುಂದೆ ಕಂಪ್ಲಿಯ ಬಳಿ ಗದ್ದೆ-ತೋಟಗಳ ಬಯಲನ್ನು ಸೇರುತ್ತದೆ. ಹಂಪಿಯ ಪುರಂದರ ಮಂಟಪ, ಆನೆಗೊಂದಿ ಸಮೀಪದ 64 ಕಂಬಗಳ ಮಂಟಪ ಮತ್ತು ನವವೃಂದಾವನ ನಡುಗಡ್ಡೆ, ಕಂಪ್ಲಿ-ಗಂಗಾವತಿ ಸೇತುವೆ ಹಾಗೂ ಕಂಪ್ಲಿ ಕೋಟೆ ಪ್ರದೇಶ ಹೆಚ್ಚಿನ ಹರಿವಿನ ವರ್ಷಗಳಲ್ಲಿ ನೀರಿಗೆ ಸಿಲುಕುವ ಸ್ಥಳಗಳು. ಪುರಂದರ ಮಂಟಪ ಮುಳುಗಿತೇ, ಕಂಪ್ಲಿ ಸೇತುವೆಯ ಮೇಲೆ ನೀರು ಬಂದಿತೇ ಎಂದು ಕೇಳಿ ನೆರೆಯನ್ನು ಅಳೆಯುವುದು ಇಲ್ಲಿನ ಜನರ ರೂಢಿ. ಆಧುನಿಕ ಪ್ರವಾಹ ನಕ್ಷೆಯು ಇದೇ ತಿಳಿವಳಿಕೆಯನ್ನು ಪ್ರತಿಯೊಂದು ಬೀದಿಗೂ ಹೊಲಕ್ಕೂ ವಿಸ್ತರಿಸುತ್ತದೆ.

ಆಡಳಿತದ ದೃಷ್ಟಿಯಿಂದ ಈ ಪ್ರದೇಶ ಹಂಚಿಹೋಗಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿಯೂ ಅದೇ ಜಿಲ್ಲೆಗೆ ಸೇರಿತು. ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ನದಿಯ ಎಡದಂಡೆಯ ಮುನಿರಾಬಾದ್, ಆನೆಗೊಂದಿ, ವಿರೂಪಾಪುರ ಗಡ್ಡೆಗಳು ಕೊಪ್ಪಳ ಜಿಲ್ಲೆಯಲ್ಲಿವೆ. ಒಂದೇ ನೆರೆಗೆ ಮೂರು ಜಿಲ್ಲಾಡಳಿತಗಳು ಏಕಕಾಲಕ್ಕೆ ಸ್ಪಂದಿಸಬೇಕಾಗುತ್ತದೆ. ಮುಂದೆ ನದಿ ರಾಯಚೂರು ಜಿಲ್ಲೆಯನ್ನೂ ಆಂಧ್ರಪ್ರದೇಶದ ಮಂತ್ರಾಲಯ, ಕರ್ನೂಲುಗಳನ್ನೂ ಮುಟ್ಟುತ್ತದೆ. 2009ರ ಅಕ್ಟೋಬರ್ ಆರಂಭದ ಮಹಾಪೂರದಲ್ಲಿ ಈ ಎರಡೂ ಊರುಗಳು ಜಲಾವೃತವಾಗಿದ್ದವು. ಜಿಲ್ಲೆಯ ಗಡಿಯಲ್ಲಿ ನಿಂತುಬಿಡುವ ನಕ್ಷೆಯಿಂದ ನದಿಯ ನಡೆ ತಿಳಿಯುವುದಿಲ್ಲ. ಆದ್ದರಿಂದ ಪ್ರವಾಹ ನಕ್ಷೆಗಳನ್ನು ನದೀಪಾತ್ರವನ್ನು ಆಧಾರವಾಗಿಟ್ಟುಕೊಂಡು ರಚಿಸುವುದು ಅಗತ್ಯ.

ನಕ್ಷಾ ಪರಂಪರೆ

ಈ ಪ್ರದೇಶದ ನಕ್ಷೆ ರಚನೆಗೆ ಎರಡು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಮುಂದೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕಾಲಿನ್ ಮೆಕೆಂಜಿ 1799ರಲ್ಲಿ ಹಂಪಿಯ ಅವಶೇಷಗಳ ನಕ್ಷೆಯನ್ನು ಸಿದ್ಧಪಡಿಸಿದನು. ಹಂಪಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಳಿಕ ಸ್ಮಾರಕಗಳ ಸ್ಥಾನವನ್ನು ಗುರುತಿಸುವ ನಕ್ಷೆಗಳ ಮಹತ್ವ ಹೆಚ್ಚಿತು. ಅವುಗಳನ್ನು ನೆರೆಯ ಮಟ್ಟದೊಂದಿಗೆ ಹೋಲಿಸಿದರೆ ಯಾವ ಮಂಟಪ, ಯಾವ ಗುಡಿ ಅಪಾಯದಲ್ಲಿದೆ ಎಂದು ಮೊದಲೇ ಹೇಳಬಹುದು.

ದತ್ತಾಂಶದ ಮೂಲಗಳು

ಮಳೆ ಮತ್ತು ಹವಾಮಾನ: ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾಯಿತು. ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳಿಂದ 15 ನಿಮಿಷಗಳಿಗೊಮ್ಮೆ ಮಾಹಿತಿ ಪಡೆಯುವ ಜಾಲವನ್ನು ಅದು ನಡೆಸುತ್ತದೆ. ತುಂಗಭದ್ರೆಯ ನೆರೆಗೆ ಕಾರಣವಾಗುವ ಮಳೆ ಬಹುಮಟ್ಟಿಗೆ ಹೊಸಪೇಟೆಯಲ್ಲಿ ಬೀಳುವುದಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು ಭಾಗದ ಮಲೆನಾಡಿನಲ್ಲಿ ಬೀಳುತ್ತದೆ. ಹೀಗಾಗಿ ಮೇಲ್ಭಾಗದ ಮಳೆಯ ನಕ್ಷೆಯೇ ಕೆಳಭಾಗಕ್ಕೆ ಮೊದಲ ಸೂಚನೆ.

ಉಪಗ್ರಹ ಚಿತ್ರ: ಮಳೆಗಾಲದಲ್ಲಿ ಮೋಡ ಕವಿದಿರುವುದರಿಂದ ಸಾಮಾನ್ಯ ಛಾಯಾಚಿತ್ರದಂತಹ ಉಪಗ್ರಹ ಚಿತ್ರಗಳು ಹೆಚ್ಚಾಗಿ ಉಪಯೋಗಕ್ಕೆ ಬರುವುದಿಲ್ಲ. ರೇಡಾರ್ ತರಂಗಗಳು ಮೋಡವನ್ನು ದಾಟಿ, ಹಗಲು ರಾತ್ರಿಗಳೆನ್ನದೆ ನೆಲವನ್ನು ಗುರುತಿಸುತ್ತವೆ. ನಿಂತ ನೀರಿನ ನುಣುಪಾದ ಮೇಲ್ಮೈ ರೇಡಾರ್ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. 2022ರ ಫೆಬ್ರವರಿ 14ರಂದು ಉಡಾವಣೆಯಾದ ಇಸ್ರೋದ ಇಒಎಸ್-04 ಹಾಗೂ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-1 ಈ ಬಗೆಯ ಉಪಗ್ರಹಗಳು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಇಂತಹ ಚಿತ್ರಗಳಿಂದ ಮುಳುಗಡೆ ನಕ್ಷೆಗಳನ್ನು ತಯಾರಿಸುತ್ತದೆ. ಇಸ್ರೋದ ‘ಭುವನ್’ ಜಾಲತಾಣ 2009ರಿಂದ ಸಾರ್ವಜನಿಕರಿಗೆ ಲಭ್ಯವಿದೆ.

ನೆಲದ ಎತ್ತರ: ನೀರು ತಗ್ಗಿನ ಕಡೆಗೆ ಹರಿಯುವುದರಿಂದ ಎತ್ತರದ ಮಾಹಿತಿ ಎಲ್ಲಕ್ಕಿಂತ ಮುಖ್ಯ. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ನಡೆದ ರೇಡಾರ್ ಸಮೀಕ್ಷೆ ಹಾಗೂ 2005ರಲ್ಲಿ ಉಡಾವಣೆಯಾದ ಕಾರ್ಟೋಸ್ಯಾಟ್-1 ಉಪಗ್ರಹದ ಜೋಡಿ ಚಿತ್ರಗಳಿಂದ ಎತ್ತರದ ಮಾದರಿಗಳು ದೊರೆತಿವೆ.

ಊರು, ರಸ್ತೆ, ಜಮೀನು: 1986ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ರಾಜ್ಯದ ನಕ್ಷಾ ಮಾಹಿತಿಯನ್ನು ‘ಕೆ-ಜಿಐಎಸ್’ ವ್ಯವಸ್ಥೆಯಲ್ಲಿ ಒದಗಿಸುತ್ತದೆ. ‘ದಿಶಾಂಕ್’ ಆ್ಯಪ್‌ನಲ್ಲಿ ತಾನು ನಿಂತಿರುವ ಜಾಗದ ಸರ್ವೆ ನಂಬರನ್ನು ಯಾರು ಬೇಕಾದರೂ ನೋಡಬಹುದು. ಸ್ವಯಂಸೇವಕರು ರಚಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಇನ್ನೊಂದು ಮುಕ್ತ ಮೂಲ.

ಬಳಕೆಯ ಹಂತಗಳು

ನೆರೆಗೆ ಮುನ್ನ, ಬೇರೆ ಬೇರೆ ಪ್ರಮಾಣದ ಹರಿವಿಗೆ ನೀರು ಎಲ್ಲಿಯವರೆಗೆ ಹರಡುತ್ತದೆ ಎಂದು ಗಣಿಸಿ ನಕ್ಷೆ ಸಿದ್ಧಪಡಿಸಲಾಗುತ್ತದೆ. ಅದರ ಮೇಲೆ ಶಾಲೆ, ಆಸ್ಪತ್ರೆ, ಎತ್ತರದ ಕಟ್ಟಡ ಮತ್ತು ಕಾಳಜಿ ಕೇಂದ್ರಕ್ಕೆ ಯೋಗ್ಯವಾದ ಸ್ಥಳಗಳನ್ನು ಗುರುತಿಸಲಾಗುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ಅದರ ವ್ಯಾಪ್ತಿಗೆ ಬರುವ ಪ್ರತಿಯೊಂದು ಅಣೆಕಟ್ಟೆಗೂ ತುರ್ತು ಕ್ರಿಯಾ ಯೋಜನೆ ಇರಬೇಕೆಂದು ವಿಧಿಸುತ್ತದೆ. ಮುಳುಗಡೆ ನಕ್ಷೆ ಅಂತಹ ಯೋಜನೆಯ ಮುಖ್ಯ ಅಂಗ.

ನೆರೆಯ ವೇಳೆ ಮುಖ್ಯವಾಗುವುದು ದಾರಿ. ಕಂಪ್ಲಿ ಸೇತುವೆ ಮುಳುಗಿದರೆ ಗಂಗಾವತಿಗೆ ಹೋಗಬೇಕಾದ ರೋಗಿ ಯಾವ ಸುತ್ತುದಾರಿ ಹಿಡಿಯಬೇಕು ಎಂಬುದನ್ನು ನಕ್ಷೆ ಹೇಳಬೇಕು. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯ ಸುತ್ತ ನೀರು ಏರಿ ನೂರಾರು ಪ್ರವಾಸಿಗರು ಸಿಲುಕಿದಾಗ ಅವರನ್ನು ದೋಣಿ ಮತ್ತು ಹೆಲಿಕಾಪ್ಟರ್‌ಗಳ ಮೂಲಕ ಹೊರತರಬೇಕಾಯಿತು. ಬೇಸಿಗೆಯಲ್ಲಿ ದಂಡೆಗೆ ಅಂಟಿಕೊಂಡಂತೆ ಕಾಣುವ ಭೂಮಿ ಮಳೆಗಾಲದಲ್ಲಿ ದ್ವೀಪವಾಗುತ್ತದೆ ಎಂಬ ಸಂಗತಿ ಸಾಮಾನ್ಯ ಪ್ರವಾಸಿ ನಕ್ಷೆಗಳಲ್ಲಿ ಕಾಣುವುದಿಲ್ಲ.

ನೆರೆ ಇಳಿದ ಮೇಲೆ, ಮುಳುಗಡೆ ನಕ್ಷೆಯನ್ನು ಸರ್ವೆ ನಂಬರುಗಳ ನಕ್ಷೆಯೊಂದಿಗೆ ಹೊಂದಿಸಿ ಬೆಳೆಹಾನಿಯನ್ನು ಅಂದಾಜಿಸಬಹುದು. ಆದರೆ ಉಪಗ್ರಹ ಹಾದುಹೋಗುವ ಹೊತ್ತಿಗೆ ನೀರು ಇಳಿದಿದ್ದರೆ ಆ ಹೊಲ ನಕ್ಷೆಯಲ್ಲಿ ಒಣಗಿದಂತೆಯೇ ಕಾಣುತ್ತದೆ. ಆದ್ದರಿಂದ ಸ್ಥಳ ಪರಿಶೀಲನೆಯನ್ನು ಕೈಬಿಟ್ಟರೆ ಅರ್ಹ ರೈತನೇ ಪರಿಹಾರದಿಂದ ವಂಚಿತನಾಗಬಹುದು.

2024ರ ಗೇಟ್ ಅವಘಡ

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ಬಹುತೇಕ ಭರ್ತಿಯಾಗಿದ್ದಾಗ, 19ನೇ ಕ್ರೆಸ್ಟ್ ಗೇಟಿನ ಸರಪಳಿಯ ಕೊಂಡಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಇತರ ಗೇಟುಗಳನ್ನೂ ತೆರೆದು ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರನ್ನು ನದಿಗೆ ಬಿಡಲಾಯಿತು. ಈ ಪ್ರಮಾಣದ ಹರಿವು ಒಂದು ದಿನ ಮುಂದುವರಿದರೆ 8.64 ಟಿಎಂಸಿ ಅಡಿ ನೀರು ಖಾಲಿಯಾಗುತ್ತದೆ. ಕೆಳಭಾಗದ ಜಿಲ್ಲೆಗಳ ನದಿತೀರದ ಜನರಿಗೆ ಎಚ್ಚರಿಕೆ ನೀಡಲಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಆಗಸ್ಟ್ 17ರ ವೇಳೆಗೆ ಹೊರಹರಿವನ್ನು ತಡೆಯಲಾಯಿತು. ಮುನ್ನೆಚ್ಚರಿಕೆಯಾಗಿ 2025ರಲ್ಲಿ ಜಲಾಶಯದ ಸಂಗ್ರಹವನ್ನು 80 ಟಿಎಂಸಿ ಅಡಿಗಳಿಗೆ ಮಿತಿಗೊಳಿಸಲಾಯಿತು.

ಮಳೆಯಿಂದ ಬರುವ ನೆರೆಗೆ ಮೇಲ್ಭಾಗದ ಮಾಪಕಗಳು ಒಂದೆರಡು ದಿನ ಮೊದಲೇ ಸೂಚನೆ ಕೊಡಬಲ್ಲವು. ಯಂತ್ರಭಾಗದ ವೈಫಲ್ಯಕ್ಕೆ ಅಂತಹ ಸೂಚನೆಯಿರುವುದಿಲ್ಲ. ಅವಘಡದ ರಾತ್ರಿ ನಕ್ಷೆ ರಚಿಸಲು ಕುಳಿತುಕೊಳ್ಳುವಷ್ಟು ಸಮಯವೂ ಇರುವುದಿಲ್ಲ. 50 ಸಾವಿರ, ಒಂದು ಲಕ್ಷ, ಎರಡು ಲಕ್ಷ ಕ್ಯೂಸೆಕ್ ಹರಿವಿಗೆ ಯಾವ ಯಾವ ಸ್ಥಳ ಮುಳುಗುತ್ತದೆ ಎಂಬ ನಕ್ಷೆಗಳು ಮೊದಲೇ ಸಿದ್ಧವಾಗಿ ತಾಲ್ಲೂಕು ಕಚೇರಿಗಳಲ್ಲಿಯೂ ಗ್ರಾಮ ಪಂಚಾಯಿತಿಗಳಲ್ಲಿಯೂ ಇರಬೇಕಾದ ಅಗತ್ಯವನ್ನು ಈ ಘಟನೆ ಸ್ಪಷ್ಟಪಡಿಸುತ್ತದೆ.

ಸಂಡೂರು ಪ್ರದೇಶ

ಸಂಡೂರಿನಲ್ಲಿ ಅಪಾಯದ ಸ್ವರೂಪ ಬೇರೆ. ಕಬ್ಬಿಣದ ಅದಿರಿನ ಗಣಿಗಳ ತ್ಯಾಜ್ಯ ಮಣ್ಣಿನ ರಾಶಿಗಳು ಭಾರಿ ಮಳೆಗೆ ಕುಸಿದು ಹಳ್ಳಗಳನ್ನು ಸೇರಬಹುದು. ಸಂಡೂರು ಕಣಿವೆಯ ನಾರಿಹಳ್ಳವು ದರೋಜಿ ಕೆರೆಯತ್ತ ಹರಿಯುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿದ ಬಳಿಕ ಗಣಿ ಗುತ್ತಿಗೆಗಳ ಗಡಿಗಳನ್ನು ಜಂಟಿ ಸಮೀಕ್ಷೆಯ ಮೂಲಕ ಅಳೆಯಲಾಯಿತು. ಪುನಶ್ಚೇತನ ಯೋಜನೆಗಳಲ್ಲಿ ತಡೆಗೋಡೆ, ಚೆಕ್‌ ಡ್ಯಾಂಗಳ ನಿರ್ಮಾಣವೂ ಸೇರಿತು. ಇಳಿಜಾರಿನ ನಕ್ಷೆ ಮತ್ತು ಮಳೆಯ ಮಾಹಿತಿಯನ್ನು ಒಟ್ಟಿಗೆ ನೋಡಿದರೆ ಯಾವ ರಾಶಿಯ ಕೆಳಗೆ ಊರು ಅಥವಾ ರಸ್ತೆ ಇದೆ ಎಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚು ಇನ್ನೊಂದು ಅಪಾಯ. ಉಪಗ್ರಹಗಳು ಗುರುತಿಸುವ ಶಾಖದ ಬಿಂದುಗಳನ್ನು ಆಧರಿಸಿ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಎಚ್ಚರಿಕೆಗಳನ್ನು ಕಳುಹಿಸುತ್ತದೆ.

ಮಿತಿಗಳು

ಈ ಪ್ರದೇಶದ ಭೂಲಕ್ಷಣಗಳೇ ಕೆಲವು ತಪ್ಪು ತೀರ್ಮಾನಗಳಿಗೆ ಕಾರಣವಾಗಬಹುದು. ಕಂಪ್ಲಿ, ಗಂಗಾವತಿ ಭಾಗದಲ್ಲಿ ಮಳೆಗಾಲದ ಭತ್ತದ ನಾಟಿಗಾಗಿ ನೀರು ನಿಲ್ಲಿಸಿದ ಗದ್ದೆ ರೇಡಾರ್ ಚಿತ್ರದಲ್ಲಿ ನೆರೆಯ ನೀರಿನಂತೆಯೇ ಕಪ್ಪಾಗಿರುತ್ತದೆ. ನೆರೆಗೆ ಮುಂಚಿನ ಚಿತ್ರದೊಂದಿಗೆ ಹೋಲಿಸದೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಹಂಪಿಯ ಕಡಿದಾದ ಬಂಡೆಗುಡ್ಡಗಳ ಹಿಂದೆ ಬೀಳುವ ರೇಡಾರ್ ನೆರಳೂ ನೀರಿನ ಭ್ರಮೆ ಹುಟ್ಟಿಸುತ್ತದೆ. ಉಚಿತವಾಗಿ ದೊರೆಯುವ ಎತ್ತರದ ಮಾದರಿಗಳು ಸುಮಾರು 30 ಮೀಟರ್ ಅಂತರದ ಬಿಂದುಗಳನ್ನು ಮಾತ್ರ ಹೊಂದಿದ್ದು, ಎತ್ತರದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಇರಬಹುದು. ಮನೆಯೊಂದು ಮುಳುಗುವುದಕ್ಕೂ ಉಳಿಯುವುದಕ್ಕೂ ಇರುವ ಅಂತರ ಒಂದು ಮೀಟರಿಗಿಂತ ಕಡಿಮೆಯಿದ್ದಾಗ ಇಂತಹ ಮಾದರಿಯನ್ನೇ ನೆಚ್ಚಲಾಗದು. ಕಾಲುವೆಯ ಏರಿ, ಕೋಟೆಯ ಗೋಡೆ ಮುಂತಾದವು ಅದರಲ್ಲಿ ಕಾಣಿಸುವುದೂ ಇಲ್ಲ.

ಸ್ಥಳನಾಮಗಳ ಗೊಂದಲವೂ ತುರ್ತು ಕಾರ್ಯಕ್ಕೆ ಅಡ್ಡಿಯಾಗಬಹುದು. 2014ರ ನವೆಂಬರ್ 1ರಿಂದ ಹೊಸಪೇಟೆಯ ಹೆಸರು ಅಧಿಕೃತವಾಗಿ ಬದಲಾದರೂ ಹಳೆಯ ರೂಪ ಹಲವು ನಕ್ಷೆಗಳಲ್ಲಿ ಉಳಿದಿದೆ. ವಿರೂಪಾಪುರ ಗಡ್ಡೆಯನ್ನು ಹಲವು ಬಗೆಯಾಗಿ ಬರೆಯಲಾಗುತ್ತದೆ. ಓಣಿ, ಕ್ಯಾಂಪು, ತಾಂಡಾಗಳ ಹೆಸರುಗಳು ನಕ್ಷೆಯಲ್ಲಿ ಇಲ್ಲದಿದ್ದರೆ ದೂರವಾಣಿಯಲ್ಲಿ ನೆರವು ಕೇಳಿದವರ ಸ್ಥಳ ಹುಡುಕುವುದು ಕಠಿಣವಾಗುತ್ತದೆ. ಊರವರ ಬಾಯಲ್ಲಿರುವ ಹೆಸರುಗಳನ್ನು ಕನ್ನಡದಲ್ಲಿಯೇ ಮುಕ್ತ ನಕ್ಷೆಗಳಿಗೆ ಸೇರಿಸುವ ಕೆಲಸವನ್ನು ಸ್ಥಳೀಯ ವಿದ್ಯಾರ್ಥಿಗಳೂ ಮಾಡಬಹುದು.

ವಿದ್ಯುತ್ ಮತ್ತು ಮೊಬೈಲ್ ಸಂಪರ್ಕ ಕಡಿದುಹೋದಾಗ ಪರದೆಯ ಮೇಲಿನ ನಕ್ಷೆ ತೆರೆಯುವುದಿಲ್ಲ. ಆಗ ಉಪಯೋಗಕ್ಕೆ ಬರುವುದು ಮುದ್ರಿತ ನಕ್ಷೆ, ಡಂಗುರ, ಧ್ವನಿವರ್ಧಕ ಹಾಗೂ ಸೇತುವೆಯ ಕಂಬಗಳ ಮೇಲೆ ಬರೆದ ನೀರಿನ ಮಟ್ಟದ ಗುರುತುಗಳು. ಹಿಂದಿನ ನೆರೆಗಳ ಮಟ್ಟವನ್ನು ಬಲ್ಲ ಹರಿಗೋಲು ನಡೆಸುವವರ, ಮೀನುಗಾರರ ಮತ್ತು ಹಿರಿಯ ನಿವಾಸಿಗಳ ಅನುಭವದೊಂದಿಗೆ ನಕ್ಷೆಯನ್ನು ತಾಳೆ ನೋಡಿದಾಗ ಅದರ ನಿಖರತೆ ಹೆಚ್ಚುತ್ತದೆ.