ಚರ್ಚಿಗಿಂತ ಮೊದಲು ಬಂದ ಹಾಲ್

ಗ್ಲಾಸ್ಗೋಗೆ ಹೋದವರು ಚಾರ್ಲ್ಸ್ ರೆನಿ ಮೆಕಿಂಟಾಶ್ ರೂಪಿಸಿದ ಕಲಾಶಾಲೆಯನ್ನು ನೋಡದೆ ಬರುವುದಿಲ್ಲ. 2017ರಲ್ಲಿ ನಾನು ಹೋದಾಗ ಅದು ಸಾರವೆಯ ಹಿಂದೆ ಅಡಗಿತ್ತು. 2014ರ ಬೆಂಕಿಯಲ್ಲಿ ಸುಟ್ಟ ಭಾಗಗಳ ದುರಸ್ತಿ ನಡೆದಿತ್ತು. ಸರಿ, ಎಂದು ಬಸ್ಸು ಹತ್ತಿ ಮೇರಿಹಿಲ್‌ಗೆ ಹೋದೆ. ಅದೇ ಮೆಕಿಂಟಾಶನ ಕೈಯಿಂದ ಬಂದ, ಅಷ್ಟಾಗಿ ಯಾರೂ ಹುಡುಕಿಕೊಂಡು ಹೋಗದ ರಖಿಲ್ ಚರ್ಚ್ ಹಾಲ್ ಅಲ್ಲಿದೆ. ಸಭಾಭವನ ಎಂದರೆ ದೊಡ್ಡ ಮಾತಾದೀತು. ಹಾಲ್ ಎಂದೇ ಕರೆಯೋಣ.

ಮೇರಿಹಿಲ್ 1891ರವರೆಗೆ ತನ್ನದೇ ಪುರಸಭೆಯಿದ್ದ ಊರು. ಆಮೇಲೆ ಗ್ಲಾಸ್ಗೋ ಅದನ್ನು ನುಂಗಿತು. ನಡುವೆ ಕಾಲುವೆ, ಕಾಲುವೆಯ ದಂಡೆಗೆ ಕಾರ್ಖಾನೆಗಳು, ಮಹಡಿಯ ಮೇಲೆ ಮಹಡಿಯಾಗಿ ಪೇರಿಸಿದ ಮನೆಗಳಲ್ಲಿ ಕೂಲಿಕಾರರ ಸಂಸಾರಗಳು. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ಅನುಕೂಲಸ್ಥರ ಬಡಾವಣೆ. ಅಲ್ಲಿನ ವೆಸ್ಟ್‌ಬರ್ನ್ ಫ್ರೀ ಚರ್ಚಿನವರು 1898ರಲ್ಲಿ ಈ ಹಾಲ್ ಕಟ್ಟಿಸಲು ಹೊರಟರು.

ಫ್ರೀ ಚರ್ಚ್ ಎಂಬ ಹೆಸರಿನ ಹಿಂದೆ ಒಂದು ಜಗಳವಿದೆ. ಊರಿನ ಪಾದ್ರಿಯನ್ನು ಜಮೀನ್ದಾರ ನೇಮಿಸಬೇಕೋ, ಸಭೆಯವರು ಒಪ್ಪಬೇಕೋ ಎಂಬ ಪ್ರಶ್ನೆ ಬೆಳೆದು, 1843ರಲ್ಲಿ ನಾನೂರೈವತ್ತಕ್ಕೂ ಹೆಚ್ಚು ಪಾದ್ರಿಗಳು ಸಂಬಳ, ಮನೆ ಬಿಟ್ಟು ಹೊರಬಂದರು. ಚರ್ಚು, ಶಾಲೆ ಎಲ್ಲವನ್ನೂ ಚಂದಾ ಎತ್ತಿಯೇ ಕಟ್ಟಬೇಕಾಯಿತು. ಹಾಗೆ ಕಟ್ಟಿ ಕಟ್ಟಿ ಪಳಗಿದವರು ಅವರು.

ವೆಸ್ಟ್‌ಬರ್ನಿನ ಚರ್ಚನ್ನು ರೂಪಿಸಿದ್ದು ಜಾನ್ ಹನಿಮನ್. ಈ ಕೆಲಸವೂ ಹನಿಮನ್ ಮತ್ತು ಕೆಪಿ ಕಚೇರಿಗೇ ಬಂತು. ಮೆಕಿಂಟಾಶ್ ಆಗ ಮೂವತ್ತರ ನೌಕರ, ಪಾಲುದಾರನಾದದ್ದು 1901ರಲ್ಲಿ. ಕಲಾಶಾಲೆಯ ಮೊದಲ ಭಾಗವೂ, ಒಂದು ಮೈಲಿಯಷ್ಟು ದೂರದ ಕ್ವೀನ್ಸ್ ಕ್ರಾಸ್ ಚರ್ಚೂ ಅದೇ ದಿನಗಳಲ್ಲಿ ಏಳುತ್ತಿದ್ದವು.

ಎರಡು ಅಂತಸ್ತಿನಲ್ಲಿ ಎರಡು ಹಾಲ್, ಎರಡು ಸಮಿತಿ ಕೋಣೆ. ನೋಡಿಕೊಳ್ಳುವವನಿಗೆ ಬೇರೆಯೇ ಮನೆ. ಇಷ್ಟೇ. ಪಕ್ಕದ ಚರ್ಚ್ ಎದ್ದದ್ದು ಆಮೇಲೆ, 1905ರ ಹೊತ್ತಿಗೆ, ನೀಲ್ ಡಫ್ ಎಂಬ ಇನ್ನೊಬ್ಬನ ನಕ್ಷೆಯಲ್ಲಿ. ಅಲ್ಲಿಯವರೆಗೆ ಈ ಹಾಲ್ ಒಂದೇ ನಿಂತಿತ್ತು.

ಶ್ರೀಮಂತರು ಕೂಲಿಕಾರರನ್ನು ತಮ್ಮ ಚರ್ಚಿಗೆ ಕರೆಯದೆ, ಅವರಿದ್ದಲ್ಲೇ ಬೇರೆ ಹಾಲ್ ಕಟ್ಟಿಸಿಕೊಟ್ಟದ್ದರ ಬಗ್ಗೆ ನನಗೆ ಗುಮಾನಿ ಇದ್ದೇ ಇದೆ. ಆದರೆ ಕಟ್ಟಿದವನು ಆ ಅಂತರವನ್ನು ಕಟ್ಟಡಕ್ಕೆ ಇಳಿಸಿಲ್ಲ. ಬೀದಿಯ ಕಡೆಗೆ ನಸುಹಳದಿ ಮರಳುಗಲ್ಲು. ಎಡಬಲ ಸಮ ಇರಬೇಕೆಂಬ ಹಟವಿಲ್ಲದೆ, ಒಳಗಿನ ಅಗತ್ಯಕ್ಕೆ ತಕ್ಕಂತೆ ಇಟ್ಟ ಕಿಟಕಿಗಳು. ಒಳಗೆ ಮರದ ಹಲಗೆಗಳ ಗೋಡೆ. ಬಾಗಿಲುಗಳಲ್ಲಿ ಚಿಕ್ಕ ಚಿಕ್ಕ ಬಣ್ಣದ ಗಾಜು, ಅಂಗೈಯಲ್ಲಿ ಹಿಡಿಯುವಷ್ಟು. ಕೂಲಿಕಾರನ ಮಗು ದೂಡಿಕೊಂಡು ಓಡುವ ಬಾಗಿಲಿಗೆ ಅದು ಬೇಕಿತ್ತೇ? ಬೇಕು ಅನ್ನಿಸಿದೆ ಅವನಿಗೆ.

ನಾನು ಪಾಠ ಮಾಡಿದ ಒಂದು ಶಾಲೆಗೆ ಹೆಚ್ಚುವರಿ ಕೋಣೆ ಮಂಜೂರಾದಾಗ ತಗಡು ಹೊದಿಸಿ, ಒಂದೇ ಕಿಟಕಿ ಇಟ್ಟು ಮುಗಿಸಿದ್ದರು. ಇನ್ನೊಂದು ಕಿಟಕಿ ಕೇಳಿದೆ. “ಈ ಮಕ್ಕಳಿಗೆ ಇಷ್ಟು ಸಾಕು ಮೇಡಂ” ಎಂದರು. ಏಪ್ರಿಲಿನಲ್ಲಿ ಆ ಕೋಣೆ ಬಿಟ್ಟು ಹೊಂಗೆಮರದ ಕೆಳಗೆ ಪಾಠ ಮಾಡುತ್ತಿದ್ದೆ. ರಖಿಲ್‌ನ ಬಾಗಿಲಿನೆದುರು ನಿಂತಾಗ ಆ ಮಾತೇ ಕಿವಿಯಲ್ಲಿತ್ತು.

2018ರ ಜೂನಿನಲ್ಲಿ ಕಲಾಶಾಲೆಗೆ ಮತ್ತೆ ಬೆಂಕಿ ಬಿದ್ದು, ದುರಸ್ತಿಯಾಗುತ್ತಿದ್ದದ್ದೂ ಸುಟ್ಟುಹೋಯಿತು. ಆ ಸುದ್ದಿ ಓದಿದ ದಿನ ನನ್ನ ಫೋಟೋಗಳನ್ನು ತೆಗೆದು ನೋಡಿದೆ. ಕಲಾಶಾಲೆಯವು ಎರಡು, ಎರಡರಲ್ಲೂ ಸಾರವೆಯೇ. ರಖಿಲ್‌ನವು ಹನ್ನೊಂದು, ಅದರಲ್ಲಿ ನಾಲ್ಕು ಬರೀ ಬಾಗಿಲು.