ಒಂಟೆಯ ಬೆನ್ನೇರಿದ ಯಂತ್ರ

ಯಂತ್ರಗಳು ತಾವಾಗಿಯೇ ಯೋಚಿಸತೊಡಗಿದರೆ ನಮ್ಮ ಗತಿಯೇನು? ಈ ಅಳುಕು ಹೊಸದಲ್ಲ. ಝೆಕ್ ನಾಟಕಕಾರ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ 'ಆರ್.ಯು.ಆರ್.' ನಾಟಕದಲ್ಲೇ ರೋಬೋಗಳು ಮನುಷ್ಯರ ಮೇಲೆ ದಂಗೆಯೇಳುತ್ತವೆ. ಆ ಹೆಸರನ್ನು ಜಗತ್ತಿಗೆ ಕೊಟ್ಟದ್ದೂ ಆ ನಾಟಕವೇ. ಅದರ ಮೂಲವಾದ 'ರೊಬೋಟಾ' ಎಂದರೆ ಬಿಟ್ಟಿ ಚಾಕರಿ.

ನಾವು ನೆಲೆಸಿರುವ ಕತಾರಿನಲ್ಲಿ ರೋಬೋ ಕಾಲಿಟ್ಟ ಕಥೆಯಲ್ಲೂ ಈ ಚಾಕರಿಯೇ ಇದೆ. ದೋಹಾದ ಪಶ್ಚಿಮಕ್ಕಿರುವ ಶಹಾನಿಯಾದ ಒಂಟೆ ಓಟಗಳಲ್ಲಿ ಹಿಂದೆ ಸವಾರರಾಗಿದ್ದವರು ಎಳೆಯ ಹುಡುಗರು. ಬೆನ್ನ ಮೇಲಿನ ಭಾರ ಕಡಿಮೆಯಾದಷ್ಟೂ ಒಂಟೆಯ ವೇಗ ಹೆಚ್ಚು. ಅದಕ್ಕೆಂದೇ ಕೊಲ್ಲಿ ನಾಡುಗಳಿಗೆ ಸುಡಾನ್, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಮಕ್ಕಳನ್ನು ತರುತ್ತಿದ್ದರು. ತೂಕ ಏರದಿರಲೆಂದು ಅರೆಹೊಟ್ಟೆಯಲ್ಲಿಡುತ್ತಿದ್ದುದೂ ಉಂಟು.

2005ರಲ್ಲಿ ಕತಾರ್ ಕಾನೂನು ತಂದು ಇದನ್ನು ನಿಷೇಧಿಸಿತು. ಸ್ವಿಟ್ಜರ್ಲೆಂಡಿನ ಕೆ-ಟೀಮ್ ಸಂಸ್ಥೆ ರೂಪಿಸಿದ ರೋಬೋ ಸವಾರರು ಅದೇ ವರ್ಷ ಓಟಕ್ಕಿಳಿದರು. ಒಂಟೆಗಳು ಬೆದರದಂತೆ ಅವಕ್ಕೆ ಮನುಷ್ಯರ ವೇಷ ತೊಡಿಸಿದ್ದರು. ಇಂದು ಹಗುರವಾದ ರೋಬೋಗಳು ಬಂದಿವೆ. ಮಾಲೀಕರು ಪಕ್ಕದ ದಾರಿಯಲ್ಲಿ ಕಾರಿನಲ್ಲಿ ಸಾಗುತ್ತ, ರಿಮೋಟ್ ಒತ್ತಿ ಚಾಟಿ ಬೀಸಿಸುತ್ತಾರೆ.

ಈ ಯಂತ್ರಕ್ಕೆ ಸ್ವಂತ ಯೋಚನೆಯಿಲ್ಲ. ಅದಕ್ಕೂ ಮೊದಲು ಅಲ್ಲಿ ಕುಳಿತಿದ್ದ ಹುಡುಗನಿಗೆ ಯೋಚನೆಯಿತ್ತು, ಭಯವಿತ್ತು, ಮನೆಯ ನೆನಪಿತ್ತು. ಎಲ್ಲ ತಿಳಿದೂ ಅವನನ್ನು ಯಂತ್ರದಂತೆ ದುಡಿಸಿದ್ದಾಯಿತು. ನಾಳೆ ಯಂತ್ರಕ್ಕೆ ಬುದ್ಧಿ ಬಂದರೆ ಅದು ನಮ್ಮನ್ನು ಏನು ಮಾಡೀತೋ ಎಂದು ಹೆದರುತ್ತೇವೆ. ಬುದ್ಧಿಯಿರುವ ಜೀವವನ್ನು ನಾವು ನಡೆಸಿಕೊಂಡ ಬಗೆ ನೆನಪಾದಾಗ, ಆ ಹೆದರಿಕೆಯ ಬೇರು ಎಲ್ಲಿದೆಯೆಂದು ನಮಗೆ ತಿಳಿಯದೇ?